ಬ್ಲೂಗ್ರಾಸ್ ಬೇಸಿಗೆ ಶಿಬಿರ: ಸೋಮವಾರದ ಶ್ರುತಿಯಿಂದ ಶುಕ್ರವಾರದ ವೇದಿಕೆಗೆ

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ 24 ಮಕ್ಕಳು ಒಂದೇ ಹಾಲಿನಲ್ಲಿ ಕೂತು ವಾದ್ಯದ ಪೆಟ್ಟಿಗೆ ತೆರೆದರೆ ಮೊದಲ ಮುಕ್ಕಾಲು ಗಂಟೆ ಸಂಗೀತ ಎಂಬುದೇ ಇರುವುದಿಲ್ಲ. ತಂತಿ ಹರಿದ ಸದ್ದು, ಶ್ರುತಿ ತೋರಿಸುವ ಟ್ಯೂನರ್ ಎಲ್ಲಿ ಎಂಬ ಹುಡುಕಾಟ, ಯಾರದೋ ಪಿಟೀಲಿನ ಕುದುರೆ (ತಂತಿಗಳನ್ನು ಎತ್ತಿಹಿಡಿಯುವ ಮರದ ತುಂಡು) ಬಿತ್ತಂತೆ ಎಂಬ ಸುದ್ದಿ. ನಾರ್ತ್ ಕ್ಯಾರೊಲೈನಾದ ರಾಲಿ, ಕೇರಿ ಸುತ್ತಮುತ್ತ ಬೇಸಿಗೆ ರಜೆಯಲ್ಲಿ ನಡೆಯುವ, ಬ್ಲೂಗ್ರಾಸ್ ಎಂಬ ಅಮೆರಿಕದ ತಂತಿವಾದ್ಯ ಸಂಗೀತದ ಐದು ದಿನದ ಹಗಲು ಶಿಬಿರದ ಕೆಲಸ ಇದು. ಚರ್ಚಿನದೊಂದು ಹಾಲು, ನಾಲ್ಕು ಸಣ್ಣ ಕೋಣೆ, 8ರಿಂದ 14 ವರ್ಷದ ಮಕ್ಕಳು, ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ. ಪಿಟೀಲು ಎಂಟು, ಗಿಟಾರ್ ಆರು, ಬ್ಯಾಂಜೊ ನಾಲ್ಕು, ಮ್ಯಾಂಡೊಲಿನ್ ನಾಲ್ಕು, ನಿಂತು ನುಡಿಸುವ ದೊಡ್ಡ ಬಾಸ್ ಎರಡು. ಇಲ್ಲಿನ ಕನ್ನಡದ ಮನೆಗಳ ಮಕ್ಕಳೂ ಈಚೆಗೆ ಸೇರುತ್ತಿದ್ದಾರೆ, ಬಹುಪಾಲು ಕರ್ನಾಟಕ ಸಂಗೀತ ಕಲಿಯುತ್ತಿರುವ ಪಿಟೀಲಿನವರು. ಮಗುವನ್ನು ಸೇರಿಸುವವರಿಗೂ ಇಂಥದೊಂದು ನಡೆಸಹೊರಟವರಿಗೂ ಬೇಕಾಗುವಷ್ಟನ್ನು ಬರೆದಿದ್ದೇವೆ.

ಬ್ಲೂಗ್ರಾಸ್ ಹಳೆಯ ಜಾನಪದ ಅಂದುಕೊಂಡೇ ಹೆಚ್ಚಿನವರು ಬರುತ್ತಾರೆ. ಬೇರು ಹಳೆಯದು ಹೌದು, ಆದರೆ ಈ ರೂಪಕ್ಕೆ ನೂರು ವರ್ಷವೂ ಆಗಿಲ್ಲ. ಕೆಂಟಕಿಯ ರೋಸೀನ್ ಊರಿನ ಮ್ಯಾಂಡೊಲಿನ್ ವಾದಕ ಬಿಲ್ ಮನ್ರೋ 1939ರಲ್ಲಿ ತನ್ನ ‘ಬ್ಲೂ ಗ್ರಾಸ್ ಬಾಯ್ಸ್’ ತಂಡದೊಂದಿಗೆ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೊ ಕಾರ್ಯಕ್ರಮಕ್ಕೆ ಬಂದ. ಹೆಸರು ಬಂದದ್ದು ಆ ತಂಡದಿಂದ. 1945ರ ಕೊನೆಗೆ ಇದೇ ನಾರ್ತ್ ಕ್ಯಾರೊಲೈನಾದ ಕ್ಲೀವ್‌ಲ್ಯಾಂಡ್ ಕೌಂಟಿಯ ಅರ್ಲ್ ಸ್ಕ್ರಗ್ಸ್ ಮೂರು ಬೆರಳಿನ ಬ್ಯಾಂಜೊ ಹಿಡಿದು ಸೇರಿಕೊಂಡ ಮೇಲೆ ಇಂದು ನಾವು ಕೇಳುವ ಸದ್ದು ಕೂಡಿಬಂತು. ಬ್ಯಾಂಜೊ ಮಾತ್ರ ಇದಕ್ಕಿಂತ ಬಹಳ ಹಿಂದಿನದು. ಗುಲಾಮರಾಗಿ ಬಂದ ಆಫ್ರಿಕದ ಜನ ಸೋರೆಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡ ವಾದ್ಯದ ಮೊಮ್ಮಗು ಅದು. ಶಿಬಿರದಲ್ಲಿ ಒಂದು ಬುರುಡೆ ಬ್ಯಾಂಜೊ ಇಟ್ಟಿರುತ್ತೇವೆ, ಮಕ್ಕಳು ಮುಟ್ಟಿ ಮೀಟಿ ನೋಡಲಿ ಎಂದು. ಇದನ್ನು ಹೇಳದೆ ಬ್ಯಾಂಜೊ ಕಲಿಸುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಶಿಬಿರಕ್ಕೆ ಮೊದಲು

ಅರ್ಧ ಶಿಬಿರ ಗೆಲ್ಲುವುದೋ ಸೋಲುವುದೋ ವಾದ್ಯದ ಅಳತೆಯಲ್ಲಿ. ಪಿಟೀಲಿಗೆ ಲೆಕ್ಕ ಸುಲಭ. ಮಗು ಎಡಗೈ ನೀಳವಾಗಿ ಚಾಚಲಿ, ಪಿಟೀಲಿನ ತುದಿಯ ಸುರುಳಿ ಅಂಗೈಯಲ್ಲಿ ಕೂತು ಬೆರಳು ಅದರ ಮೇಲೆ ಸಲೀಸಾಗಿ ಮಡಚಬೇಕು. ಸುರುಳಿ ಬೆರಳ ತುದಿಗೆ ಹೋದರೆ ವಾದ್ಯ ದೊಡ್ಡದು. ‘ಹೇಗೂ ಬೆಳೀತಾನೆ’ ಎಂದು ಒಂದು ಸೈಜು ದೊಡ್ಡದು ಕೊಡಿಸುವ ಅಭ್ಯಾಸ ಬಟ್ಟೆಗೆ ನಡೆದೀತು, ಪಿಟೀಲಿಗೆ ನಡೆಯದು.

ಗಿಟಾರಿಗೆ ಹತ್ತು ವರ್ಷದೊಳಗಿನವರಿಗೆ ಮುಕ್ಕಾಲು ಸೈಜು, ತಂತಿ 0.010 ಅಥವಾ 0.011 ಇಂಚಿನದು. ದೊಡ್ಡ ಗಿಟಾರೇ ಇದ್ದರೆ ಕತ್ತಿನ ಎರಡನೇ ಮೆಟ್ಟಿಲಿಗೆ (ಲೋಹದ ಅಡ್ಡಪಟ್ಟಿಗೆ) ಕೇಪೊ, ಅಂದರೆ ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್ಪು, ಹಾಕಿ. ಬೆರಳ ನಡುವಿನ ಅಂತರವೂ ಕಿರಿದಾಗುತ್ತದೆ, ತಂತಿಯೂ ಒತ್ತಲು ಹತ್ತಿರ ಬರುತ್ತದೆ.

ಮ್ಯಾಂಡೊಲಿನ್ ಪುಟ್ಟದಾಗಿ ಕಾಣುವುದರಿಂದ ಪುಟ್ಟ ಮಕ್ಕಳಿಗೆ ಅದೇ ಸರಿ ಎಂದು ಎಲ್ಲರೂ ಮೋಸ ಹೋಗುತ್ತಾರೆ. ಎಂಟು ಉಕ್ಕಿನ ತಂತಿ, ಎರಡೆರಡು ಜೋಡಿ, ಬಿಗಿತ ಬಲು ಹೆಚ್ಚು. ಎಂಟು ವರ್ಷದ ಮಗು ಹತ್ತು ನಿಮಿಷದಲ್ಲಿ ಬೆರಳು ಊದಿಕೊಂಡು ಕೂರುತ್ತದೆ. ಇದಕ್ಕೆ ಹಳಬರು ಮಾಡುವ ಉಪಾಯವೆಂದರೆ ಪ್ರತಿ ಜೋಡಿಯಿಂದ ಒಂದು ತಂತಿ ತೆಗೆದುಬಿಡುವುದು. ನಾಲ್ಕೇ ತಂತಿಯ ಮ್ಯಾಂಡೊಲಿನ್ ಸ್ವಲ್ಪ ಬಡಕಲಾಗಿ ಕೇಳಿಸುತ್ತದೆ, ಆದರೆ ಮಗು ಶುಕ್ರವಾರದವರೆಗೆ ಬಿಡದೆ ನುಡಿಸುತ್ತದೆ, ಶ್ರುತಿ ಕೂಡಿಸುವ ಕೆಲಸವೂ ಅರ್ಧಕ್ಕರ್ಧ.

ಬ್ಯಾಂಜೊ ಐದು ಕಿಲೋ ಆಸುಪಾಸು ತೂಗುತ್ತದೆ. ಹಿಂಬದಿಯ ಮರದ ತಟ್ಟೆಯನ್ನು, ಅಂದರೆ ರೆಸೊನೇಟರನ್ನು, ಪಕ್ಕದ ನಾಲ್ಕು ತಿರುಪು ಬಿಚ್ಚಿ ತೆಗೆದರೆ ತೂಕವೂ ಇಳಿಯುತ್ತದೆ, ಉಳಿದವರ ಕಿವಿಯೂ ಬದುಕುತ್ತದೆ. ಬಾಸ್ ಕಾಲು ಅಥವಾ ಅರ್ಧ ಸೈಜಿನದು. ಅದರ ಕೆಳತುದಿಯ ಕಡ್ಡಿ ನುಣುಪು ನೆಲದ ಮೇಲೆ ಜಾರಿ ವಾದ್ಯ ಸಮೇತ ಮಗು ಬೀಳುವ ಅಪಾಯ ಇದೆ. ಹಳೆಯ ಯೋಗ ಮ್ಯಾಟಿನ ಒಂದು ಚೌಕ ಕತ್ತರಿಸಿ ಕಡ್ಡಿಯ ಕೆಳಗಿಡಿ, ಸಾಕು.

ಅಪ್ಪ ಅಮ್ಮಂದಿರಿಗೆ ಕಳಿಸುವ ಪತ್ರದಲ್ಲಿ ದಪ್ಪ ಅಕ್ಷರದ ಸಾಲು ಒಂದೇ: ವಾದ್ಯವನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಹೊರಗೆ 32 ಡಿಗ್ರಿ ಇದ್ದರೆ ಮುಚ್ಚಿದ ಕಾರಿನೊಳಗೆ ಒಂದು ಗಂಟೆಯಲ್ಲಿ 50 ದಾಟುತ್ತದೆ. ಅಂಟು ಮೆತ್ತಗಾಗಿ ಗಿಟಾರಿನ ಕುದುರೆ ಹಿಂಬದಿಯಿಂದ ಏಳುತ್ತದೆ, ಪಿಟೀಲಿನ ಕೀಲು ಬಿಡುತ್ತದೆ. ವಾದ್ಯ ಮಗುವಿನ ಜತೆ ಒಳಗೆ ಹೋಗಬೇಕು, ಮಗುವಿನ ಜತೆ ಹೊರಗೆ ಬರಬೇಕು.

ಸೋಮವಾರ: ಶ್ರುತಿ

ವರ್ಷವರ್ಷವೂ ಹರಿಯುವ ತಂತಿಗಳಲ್ಲಿ ಮುಕ್ಕಾಲು ಪಾಲು ಒಂದೇ ಕಾರಣಕ್ಕೆ ಹರಿಯುತ್ತವೆ. ಮಗು ಮೀಟುವುದು ಒಂದು ತಂತಿ, ತಿರುಗಿಸುವುದು ಇನ್ನೊಂದರ ಬಿರಡೆ. ಟ್ಯೂನರಿನ ಮುಳ್ಳು ಅಲ್ಲಾಡುವುದಿಲ್ಲ, ಇನ್ನಷ್ಟು ತಿರುಗಿಸುತ್ತದೆ, ಇನ್ನಷ್ಟು, ಆಮೇಲೆ ಟಪ್. ಅದಕ್ಕೇ ಮೊದಲ ಪಾಠದಲ್ಲಿ ಟ್ಯೂನರನ್ನೇ ಹೊರಗೆ ತೆಗೆಯುವುದಿಲ್ಲ. ತಂತಿಯ ಬುಡದಲ್ಲಿ ಬೆರಳಿಟ್ಟು, ಅದರ ಮೇಲೇ ಬೆರಳು ಜಾರಿಸಿಕೊಂಡು ಹೋಗಿ, ಅದು ಸುತ್ತಿಕೊಂಡಿರುವ ಬಿರಡೆ ಮುಟ್ಟಿ ಆ ತಂತಿಯ ಹೆಸರು ಹೇಳಬೇಕು. ಎಲ್ಲ ತಂತಿಗೂ ಮೂರು ಸಲ. ಬ್ಯಾಂಜೊದ ಐದನೇ ತಂತಿಯ ಬಿರಡೆ ಕತ್ತಿನ ನಡುವೆ, ಐದನೇ ಮೆಟ್ಟಿಲ ಬಳಿ ಇರುತ್ತದಾದ್ದರಿಂದ ಅಲ್ಲಿ ಎಲ್ಲರೂ ಒಮ್ಮೆ ತಪ್ಪುತ್ತಾರೆ.

ಕ್ಲಿಪ್ ಟ್ಯೂನರಿಗೆ ಎರಡು ಕುತಂತ್ರ ಇವೆ. ಸ್ವರದ ಹೆಸರು ತೋರಿಸುತ್ತದೆ, ಸ್ಥಾಯಿ ತೋರಿಸುವುದಿಲ್ಲ. ಬ್ಯಾಂಜೊದಲ್ಲಿ ಮೊದಲ ತಂತಿ ಡಿ, ನಾಲ್ಕನೆಯದೂ ಡಿ, ಒಂದು ಮೇಲಿನ ಸ್ಥಾಯಿ, ಒಂದು ಕೆಳಗಿನದು. ಪರದೆಯ ಮೇಲೆ ಎರಡೂ ಒಂದೇ. ಇನ್ನೊಂದು, ಅದರ ಬೆನ್ನಿನ ಗುಂಡಿಯನ್ನು ಅರಿಯದೆ ಒತ್ತಿದರೆ ಎಲ್ಲಕ್ಕೂ ಆಧಾರವಾದ ಎ ಸ್ವರ 440 ಹರ್ಟ್ಸ್‌ನಿಂದ 438ಕ್ಕೋ 443ಕ್ಕೋ ಸರಿಯುತ್ತದೆ. ಆ ಮಗುವಿನ ವಾದ್ಯ ಅದರ ಪಾಡಿಗೆ ಸರಿಯಾಗಿದ್ದು ಉಳಿದ 23ರ ಜತೆ ಕೂಡುವುದಿಲ್ಲ. ಒಬ್ಬರದು ಮಾತ್ರ ಅಪಸ್ವರ ಕೇಳಿಸುತ್ತಿದ್ದರೆ ಮೊದಲು ಈ ಸಂಖ್ಯೆ ನೋಡಿ.

ಮ್ಯಾಂಡೊಲಿನ್ನಿನ ಜೋಡಿ ತಂತಿ ಕೂಡಿಸುವಾಗ ಒಂದನ್ನು ಬೆರಳ ತುದಿಯಿಂದ ಮುಟ್ಟಿ ಸುಮ್ಮನಾಗಿಸಿ ಇನ್ನೊಂದನ್ನು ಟ್ಯೂನರಿಗೆ ಸೇರಿಸಬೇಕು, ಆಮೇಲೆ ಎರಡನೆಯದನ್ನು ಮೊದಲನೆಯದಕ್ಕೆ ಕಿವಿಯಿಂದಲೇ. ಎರಡೂ ಒಟ್ಟಿಗೆ ಮೀಟಿದರೆ ‘ವಾವ್ ವಾವ್’ ಎಂಬ ಅಲೆ ಕೇಳುತ್ತದೆ. ಅಲೆ ನಿಧಾನವಾಗುತ್ತ ಬಂದು ನಿಂತುಹೋಯಿತೆಂದರೆ ಕೂಡಿತು. ತಂಬೂರಿ ಕೂಡಿಸುವುದನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಯಾವ ವಾದ್ಯವೇ ಆಗಲಿ ಸ್ವರಕ್ಕೆ ಕೆಳಗಿನಿಂದ ಏರಬೇಕು. ಮೇಲೆ ಹೋಗಿದ್ದರೆ ಪೂರ್ತಿ ಇಳಿಸಿ ಮತ್ತೆ ಏರಿಸಿ, ಇಲ್ಲವಾದರೆ ಎರಡು ಹಾಡಿನೊಳಗೆ ಬಿರಡೆಯ ಸಡಿಲ ಹೊರಬಂದು ತಂತಿ ಇಳಿಯುತ್ತದೆ.

ಜುಲೈ ತಿಂಗಳ ಸೆಕೆಗೆ ಪಿಟೀಲಿನ ಬಿರಡೆ ಊದಿ ಕಚ್ಚಿಕೊಳ್ಳುತ್ತದೆ. ಅದೇ ಪಿಟೀಲು ಎಸಿ ಹಾಲಿನಲ್ಲಿ ಎರಡು ತಾಸು ಕೂತರೆ ಬಿರಡೆ ಕುಗ್ಗಿ ಗಿರ್ರನೆ ಬಿಚ್ಚಿಕೊಳ್ಳುತ್ತದೆ. ತಿರುಗಿಸುವಾಗ ಒಳಕ್ಕೆ ಒತ್ತಿಕೊಂಡೇ ತಿರುಗಿಸಬೇಕು. ಮಕ್ಕಳ ಪಿಟೀಲಿಗೆ ನಾಲ್ಕೂ ತಂತಿಗೆ ಬಾಲದ ಕಡೆ ಸಣ್ಣ ತಿರುಪು ಇದ್ದರೆ ಬಿರಡೆಗೆ ಕೈ ಹಾಕುವ ಪ್ರಸಂಗವೇ ಕಡಿಮೆ. ಪದೇ ಪದೇ ಬಿರಡೆ ಬಿಗಿದಾಗ ತಂತಿ ಕುದುರೆಯ ತಲೆಯನ್ನು ಮುಂದಕ್ಕೆ ಎಳೆಯುತ್ತದೆ. ಕುದುರೆಯ ಬಾಲದ ಕಡೆಯ ಮುಖ ನೆಟ್ಟಗೆ ನಿಂತಿದೆಯೇ ಎಂದು ದಿನಕ್ಕೆರಡು ಸಲ ನೋಡಿ. ಬಿದ್ದರೆ ಒಳಗಿನ ಆಧಾರದ ಕಡ್ಡಿಯೂ ಬೀಳಬಹುದು. ಅದು ಒಳಗೆ ಗಲಗಲ ಎಂದರೆ ತಂತಿ ಬಿಗಿಯಲೇಬಾರದು, ಮೇಲ್ಹಲಗೆ ಕುಸಿದೀತು. ಅದು ರಿಪೇರಿಯವರ ಕೆಲಸ.

ಬ್ಯಾಂಜೊದ ಕುದುರೆಗೂ ಅಂಟಿಲ್ಲ, ತಂತಿಯ ಒತ್ತಡದಲ್ಲೇ ನಿಂತಿರುತ್ತದೆ. ಪೆಟ್ಟಿಗೆಗೆ ಹಾಕಿ ತೆಗೆಯುವಷ್ಟರಲ್ಲಿ ಸರಿದಿರುತ್ತದೆ. ಬೆರಳು ಒತ್ತದ ಬರಿಯ ತಂತಿ ಸರಿಯಾಗಿದ್ದು ಮೆಟ್ಟಿಲ ಮೇಲಿನ ಸ್ವರಗಳು ತಪ್ಪುತ್ತಿದ್ದರೆ ಕಾರಣ ಅದೇ. ಹನ್ನೆರಡನೇ ಮೆಟ್ಟಿಲ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿ, ಆಮೇಲೆ ಅಲ್ಲೇ ಒತ್ತಿ ಮೀಟಿ. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಬಾಲದ ಕಡೆಗೆ, ಇಳಿದಿದ್ದರೆ ಕತ್ತಿನ ಕಡೆಗೆ ಕೂದಲೆಳೆಯಷ್ಟು ಸರಿಸಿ. ಸರಿಯಾದ ಮೇಲೆ ಅದರ ಕಾಲುಗಳ ಗುರುತನ್ನು ಪೆನ್ಸಿಲಿನಿಂದ ಹಾಕಿಬಿಡಿ. ತಂತಿ ಬದಲಿಸುವಾಗ ಐದನ್ನೂ ಒಟ್ಟಿಗೆ ಬಿಚ್ಚಬೇಡಿ, ಕುದುರೆ ನೆಲ ಸೇರುತ್ತದೆ.

ಸ ಪ ಸ ಪದಿಂದ ಜಿ ಡಿ ಎ ಇಗೆ

ಕರ್ನಾಟಕ ಸಂಗೀತದ ಪಿಟೀಲಿಗೆ ಸ ಪ ಸ ಪ ಶ್ರುತಿ. ಜಿ ಶ್ರುತಿಯಲ್ಲಿದ್ದರೆ ಅದು ಜಿ, ಡಿ, ಜಿ, ಡಿ. ಇಲ್ಲಿ ಬೇಕಾದದ್ದು ಜಿ, ಡಿ, ಎ, ಇ. ಕೆಳಗಿನೆರಡು ಹಾಗೇ ಇದ್ದು ಮೇಲಿನೆರಡು ತಂತಿ ಎರಡೆರಡು ಅರ್ಧಸ್ವರ ಏರಬೇಕು. ಬೆಳಗ್ಗೆ ಏರಿಸಿ, ಸಂಜೆ ಪಾಠಕ್ಕೆ ಇಳಿಸಿ, ಮರುದಿನ ಮತ್ತೆ ಏರಿಸಿದರೆ ಬುಧವಾರಕ್ಕೆ ತಂತಿ ಹೋಗುತ್ತದೆ. ವಾರದ ಮಟ್ಟಿಗೆ ಇನ್ನೊಂದು ಪಿಟೀಲು ಬಾಡಿಗೆಗೆ ತರುವುದು ಲೇಸು. ತಮಾಷೆಯೆಂದರೆ, ಅಪಲೇಚಿಯ ಬೆಟ್ಟಗಳ ಹಳೆಯ ಪಿಟೀಲುಗಾರರು ಕೆಲವು ಹಾಡಿಗೆ ಎ, ಇ, ಎ, ಇ ಎಂದು ತಂತಿ ಕೂಡಿಸಿಕೊಳ್ಳುತ್ತಿದ್ದರು, ಈಗಲೂ ಕೆಲವರು ಹಾಗೆ ಮಾಡುತ್ತಾರೆ. ಅದು ಅಪ್ಪಟ ಸ ಪ ಸ ಪ. ಬ್ಲೂಗ್ರಾಸ್ ಶಿಬಿರದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ, ಹಾಡಿನಿಂದ ಹಾಡಿಗೆ ಶ್ರುತಿ ಬದಲಾಗುತ್ತಲೇ ಇರುತ್ತದೆ.

ಕೂತು, ಸುರುಳಿಯನ್ನು ಪಾದದ ಗಂಟಿಗೆ ಆನಿಸಿ ನುಡಿಸುವ ಮಕ್ಕಳಿಗೆ ನಿಲ್ಲುವುದು ಮೊದಲ ಕಷ್ಟ. ಕೂತಲ್ಲಿ ಎಡಗೈ ಪೂರಾ ಸ್ವತಂತ್ರ, ಸ್ವರದಿಂದ ಸ್ವರಕ್ಕೆ ಜಾರಲು ಬೇಕಾದ ಹಾಗೆ ಓಡುತ್ತದೆ. ನಿಂತಾಗ ವಾದ್ಯದ ಭಾರ ಸ್ವಲ್ಪ ಕೈಗೂ ಬರುತ್ತದೆ. ಮೊದಲ ದಿನ ಹದಿನೈದು ನಿಮಿಷ ನಿಂತು ಹದಿನೈದು ನಿಮಿಷ ಕುರ್ಚಿಯಲ್ಲಿ ಕೂತು ಅಭ್ಯಾಸ ಮಾಡಿಸುತ್ತೇವೆ. ಕುರ್ಚಿಯಲ್ಲಿ ಕೂತರೂ ಪಿಟೀಲು ಗಲ್ಲದಡಿಯೇ.

ಈ ಮಕ್ಕಳ ಕಿವಿ ಮಾತ್ರ ಬೇಗ ಹಿಡಿಯುತ್ತದೆ. ಎರಡನೇ ದಿನ ಕಲಿಸುವ ‘ಏಂಜಲೀನ್ ದ ಬೇಕರ್’ ಎಂಬ ಹಳೆಯ ಧಾಟಿ ಸಾಮಾನ್ಯವಾಗಿ ಡಿ ಶ್ರುತಿಯಲ್ಲಿ ಐದೇ ಸ್ವರಗಳಲ್ಲಿ ನಡೆಯುತ್ತದೆ: ಸ ರಿ ಗ ಪ ದ. ಮೋಹನ ರಾಗದ ಸ್ವರಗಳು. ಒಂದು ಸುತ್ತು ಕೇಳಿ ಸ್ವರ ಹಾಕಿಬಿಡುತ್ತಾರೆ. ತೊಡಕು ಆಮೇಲೆ ಬರುತ್ತದೆ. ಧಾಟಿ ಮೇಲೆ ಹೋಗುತ್ತಿರುವಾಗ ಕೆಳಗೆ ಗಿಟಾರು ಜಿ ಕಾರ್ಡಿಗೆ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೆ) ಸರಿಯುತ್ತದೆ, ಬಾಸಿನವರು ಜಿ ಬಾರಿಸುತ್ತಾರೆ, ಅಂದರೆ ಮಧ್ಯಮ. ಮೋಹನದಲ್ಲಿ ಇಲ್ಲವೇ ಇಲ್ಲದ ಮಧ್ಯಮ! ಮಗು ತನ್ನದೇ ತಪ್ಪೆಂದುಕೊಂಡು ಕಮಾನು ಎತ್ತಿಬಿಡುತ್ತದೆ. ತಂಬೂರಿ ಕೊನೆಯವರೆಗೂ ಅಲ್ಲಾಡದೆ ನಿಲ್ಲುವ ಸಂಗೀತ ಒಂದು, ನೆಲವೇ ಅತ್ತಿತ್ತ ಸರಿಯುವ ಸಂಗೀತ ಇನ್ನೊಂದು. ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಆ ಮಗುವಿನ ಕೈಗೆ ಹತ್ತು ನಿಮಿಷ ಬಾಸ್ ಕೊಡುತ್ತೇವೆ. ಬೇರೆಯವರು ಧಾಟಿ ನುಡಿಸುವಾಗ ತಾನೇ ಡಿಯಿಂದ ಜಿಗೆ, ಜಿಯಿಂದ ಡಿಗೆ ಹೋಗಿಬಂದರೆ ಆ ಸರಿದಾಟ ಕಿವಿಗೆ ಇಳಿಯುತ್ತದೆ.

ಡಿ ಶ್ರುತಿಯಲ್ಲಿ ಬಾಸ್ ಯಾರಾದರೂ ನುಡಿಸಬಹುದು. ಅದರ ತಂತಿಗಳು ಇ, ಎ, ಡಿ, ಜಿ. ಡಿ ಕಾರ್ಡಿಗೆ ಡಿ ಮತ್ತು ಎ, ಜಿ ಕಾರ್ಡಿಗೆ ಜಿ ಮತ್ತು ಡಿ, ಎ ಕಾರ್ಡಿಗೆ ಎ ಮತ್ತು ಇ. ಎಲ್ಲವೂ ಬರಿಯ ತಂತಿ, ಎಡಗೈಗೆ ಕೆಲಸವೇ ಇಲ್ಲ. ತೋರುಬೆರಳ ಪಕ್ಕದಿಂದ ಎಳೆಯಬೇಕು, ತುದಿಯಿಂದಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಆಳು ಬದಲಿಸದಿದ್ದರೆ ಬೆರಳಲ್ಲಿ ಬೊಬ್ಬೆ ಗ್ಯಾರಂಟಿ. ಬೆರಳಿಗೆ ಬಟ್ಟೆಯ ಟೇಪು ಸುತ್ತಿ. ನೀರಲ್ಲಿ ಅದ್ದಿ ತಂಪು ಮಾಡಿಕೊಂಡು ಬಂದು ಮತ್ತೆ ನುಡಿಸಿದರೆ ಚರ್ಮ ಮೆತ್ತಗಾಗಿ ಇನ್ನೂ ಬೇಗ ಸುಲಿಯುತ್ತದೆ. ಆದರೆ ಬ್ಯಾಂಜೊದವರಿಗೆ ಜಿ ಶ್ರುತಿಯೇ ಪ್ರಾಣ. ಡಿ ಹಾಡಿಗೆ ಅವರ ಐದನೇ ತಂತಿಯನ್ನು ಜಿಯಿಂದ ಎಗೆ ಏರಿಸಬೇಕು. ಏಳನೇ ಮೆಟ್ಟಿಲಲ್ಲಿ ಆಟದ ರೈಲಿನ ಹಳಿಗೆ ಹೊಡೆಯುವಂಥ ಪುಟ್ಟ ಮೊಳೆ ಇರುತ್ತದೆ, ತಂತಿಯನ್ನು ಅದರಡಿ ಸಿಕ್ಕಿಸಿದರೆ ಆಯಿತು. ಎಲ್ಲ ವಾದ್ಯಕ್ಕೂ ಸುಲಭವಾದ ಶ್ರುತಿ ಯಾವುದೂ ಇಲ್ಲ. ಅದಕ್ಕೆ ಮೊದಲ ಹಾಡು ಜಿಯಲ್ಲಿ, ಎರಡನೆಯದು ಡಿಯಲ್ಲಿ, ಕಷ್ಟ ಹಂಚಿಹೋಗಲಿ.

ಲಯ

ಐದು ದಿನದಲ್ಲಿ ಯಾರೂ ವಾದ್ಯ ಕಲಿಯುವುದಿಲ್ಲ. ಕಲಿಯಬಹುದಾದದ್ದು ನಾಲ್ಕು ಜನರ ನಡುವೆ ಕೂತು, ತಪ್ಪಿದರೂ ನಿಲ್ಲದೆ, ಹಾಡು ಮುಗಿಯುವವರೆಗೆ ಜತೆ ಬಿಡದಿರುವುದು. ನಮ್ಮ ಇಡೀ ವಾರ ಈ ಒಂದರ ಸುತ್ತ ಇದೆ, ಆದ್ದರಿಂದ ಒಬ್ಬೊಬ್ಬರೇ ನುಡಿಸುವ ಸೋಲೊಗಿಂತ ಮೊದಲು ಲಯ.

ಬ್ಲೂಗ್ರಾಸಿನಲ್ಲಿ ಡ್ರಮ್ ಇಲ್ಲ. ಬಾಸ್ ಪೆಟ್ಟಿನ ಮೇಲೆ ಬೀಳುತ್ತದೆ, ಮ್ಯಾಂಡೊಲಿನ್ ಎರಡು ಪೆಟ್ಟಿನ ನಡುವೆ. ಗಿಟಾರು ಎರಡನ್ನೂ ಹೊಲಿಯುತ್ತದೆ: ದಪ್ಪ ತಂತಿಯ ಒಂದು ಸ್ವರ, ಆಮೇಲೆ ಸಣ್ಣ ತಂತಿಗಳ ಮೇಲೊಂದು ಬೀಸು. ಧಿಂ ತಕ್, ಧಿಂ ತಕ್. ವಾದ್ಯ ಕೈಗೆ ಕೊಡುವ ಮೊದಲು ಇದನ್ನು ಕಾಲು ಮತ್ತು ಚಪ್ಪಾಳೆಯಲ್ಲಿ ಮಾಡಿಸುತ್ತೇವೆ. ಕಾಲು ಧಿಂ, ಚಪ್ಪಾಳೆ ತಕ್. ಆದಿತಾಳ ಹಾಕಿ ಬೆಳೆದ ಕೈ ತಾನಾಗಿ ಪೆಟ್ಟಿನ ಮೇಲೇ ಬೀಳುತ್ತದೆ, ಅದನ್ನು ನಡುವಿಗೆ ತಳ್ಳಲು ಅರ್ಧ ದಿನ ಹಿಡಿದರೂ ಅಚ್ಚರಿಯಿಲ್ಲ. ಆದರೆ ಎಂಟೆಂಟು ಎಣಿಕೆ ತಪ್ಪದೆ ಹಿಡಿಯುವವರೂ ಇವರೇ. ಹಾಡಿನ ಪ್ರತಿ ಭಾಗ ಎಂಟು ಬಾರ್ (ಎರಡೆರಡು ಪೆಟ್ಟಿನ ತುಂಡು), ಎರಡು ಭಾಗ, ಒಂದೊಂದೂ ಎರಡು ಸಲ, ಒಟ್ಟು 32. ಉಳಿದವರು ಕಳೆದುಹೋದಾಗ ‘ಈಗ ಎರಡನೇ ಭಾಗ’ ಎಂದು ಹೇಳುವವರು ಇವರಲ್ಲೇ ಒಬ್ಬರು.

ಮ್ಯಾಂಡೊಲಿನ್ನಿನ ‘ಚಾಪ್’ ನೋಡಲು ಏನೂ ಇಲ್ಲ, ಮಾಡಲು ತಿಣುಕಬೇಕು. ಎಡಗೈ ಎರಡು ಬೆರಳು ತಂತಿ ಒತ್ತಿರುತ್ತವೆ, ಬಲಗೈ ಚುರುಕಾಗಿ ಹೊಡೆಯುತ್ತದೆ, ಹೊಡೆದ ಕ್ಷಣದಲ್ಲೇ ಎಡಗೈ ಒತ್ತಡ ಬಿಡುತ್ತದೆ. ಬೆರಳು ತಂತಿಯನ್ನು ಬಿಟ್ಟು ಮೇಲೇಳಬಾರದು, ಒತ್ತಡ ಮಾತ್ರ ಸಡಿಲ. ಸ್ವರ ಹುಟ್ಟಿದಲ್ಲೇ ಸಾಯಬೇಕು, ಒಣಸೌದೆ ಸೀಳಿದ ಹಾಗೆ ‘ಚಕ್’. ಬೆರಳು ಪೂರ್ತಿ ಎದ್ದರೆ ಬರಿಯ ತಂತಿ ಕಣಕಣ ಎನ್ನುತ್ತದೆ, ಬಿಡದೇ ಇದ್ದರೆ ಸ್ವರ ಎಳೆಯುತ್ತದೆ. ದೊಡ್ಡವರು ನಾಲ್ಕು ಬೆರಳು ಹರಡಿ ಹಿಡಿಯುವ ಜಿ ಕಾರ್ಡು ಮಕ್ಕಳಿಗೆ ಎಟುಕದು. ಅವರಿಗೆ ಎರಡೇ ಬೆರಳಿನದು: ಅತಿ ದಪ್ಪ ಜೋಡಿಯ ನಾಲ್ಕನೇ ಮೆಟ್ಟಿಲು, ಅದರ ಪಕ್ಕದ ಜೋಡಿಯ ಐದನೇ ಮೆಟ್ಟಿಲು. ಅದೇ ಆಕಾರವನ್ನು ನಡುವಿನ ಎರಡು ಜೋಡಿಗೆ ಸರಿಸಿದರೆ ಡಿ. ಅಲ್ಲಿಂದ ಎರಡು ಮೆಟ್ಟಿಲು ಹಿಂದಕ್ಕೆ ಜಾರಿದರೆ ಸಿ. ಮೂರು ಕಾರ್ಡು, ಒಂದೇ ಕೈ. ಬರಿಯ ತಂತಿ ಇಲ್ಲದ್ದರಿಂದ ಚಾಪ್ ಕೂಡ ಸ್ವಚ್ಛ.

ಬ್ಯಾಂಜೊದವರಿಗೆ ಒಂದು ರೋಲ್, ಅಂದರೆ ಬೆರಳುಗಳು ಸರದಿಯಲ್ಲಿ ಮೀಟುವ ಕ್ರಮ, ಮಾತ್ರ. ಹೆಬ್ಬೆರಳು, ತೋರು, ಹೆಬ್ಬೆರಳು, ನಡು, ಮತ್ತೆ ಅದೇ. ತಂತಿಯ ಲೆಕ್ಕದಲ್ಲಿ 3, 2, 5, 1, 4, 2, 5, 1. ತಂತಿ ಮೀಟಲು ಬೆರಳಿಗೆ ಹಾಕುವ ಲೋಹದ ಪಿಕ್ಕನ್ನು ಮಕ್ಕಳು ಉಗುರಿನ ಮೇಲೆ ಟೋಪಿಯ ಹಾಗೆ ತೊಡುತ್ತಾರೆ. ಅದು ಉಲ್ಟಾ. ಅಲಗು ಬೆರಳಿನ ಮೆತ್ತನೆ ಬದಿಗೆ ಬರಬೇಕು. ಸಡಿಲವಿದ್ದರೆ ಮೊದಲ ರೋಲಿಗೇ ಹಾರಿ ಪಕ್ಕದವರ ತಟ್ಟೆಗೆ ಬೀಳುತ್ತದೆ, ರೆಕ್ಕೆಗಳನ್ನು ಒತ್ತಿ ಬಿಗಿ ಮಾಡಿ. ಪ್ಲಾಸ್ಟಿಕ್ಕಿನ ಹೆಬ್ಬೆರಳ ಪಿಕ್ಕನ್ನು ಬಿಸಿನೀರಿಗೆ ಹಾಕಿ ಮೆತ್ತಗಾದಾಗ ಅಳತೆಗೆ ಬಾಗಿಸಬಹುದು. ಈ ಕೆಲಸ ದೊಡ್ಡವರದು.

ವೇಗ ಎಲ್ಲರ ಶತ್ರು. ನಿಮಿಷಕ್ಕೆ 70 ಪೆಟ್ಟಿನಲ್ಲಿ ಶುರುವಾದದ್ದು ಕೊನೆಗೆ 90ರ ಹತ್ತಿರ ಹೋಗಿರುತ್ತದೆ. ಪೆಟ್ಟು ಎಣಿಸುವ ಮೆಟ್ರೊನೋಮ್ ಹಾಕಿ ನಾಲ್ಕು ಬಾರ್ ಕೇಳಿಸಿ, ನಾಲ್ಕು ಬಾರ್ ಸದ್ದು ಮುಚ್ಚಿ, ಮತ್ತೆ ತೆರೆಯುತ್ತೇವೆ. ತೆರೆದಾಗ ಎಲ್ಲಿದ್ದೇವೆ ಎಂದು ಅವರಿಗೇ ಗೊತ್ತಾಗುತ್ತದೆ, ನಾವು ಬೈಯಬೇಕಾಗಿಲ್ಲ.

ಕಾಗದ ಇಲ್ಲದ ಪಾಠ

‘ಅಮ್ಮಾ, ಇಲ್ಲಿ ಯಾರೂ ನೋಟ್ಸೇ ಕೊಡಲ್ಲ’ ಎಂಬ ದೂರು ಮಂಗಳವಾರ ಮಧ್ಯಾಹ್ನ ಬಂದೇ ಬರುತ್ತದೆ. ಹೌದು, ಕೊಡುವುದಿಲ್ಲ. ಮೇಷ್ಟರು ಎರಡು ಬಾರ್ ನುಡಿಸುತ್ತಾರೆ, ಮಕ್ಕಳು ಬಾಯಲ್ಲಿ ಹಾಡುತ್ತಾರೆ, ಆಮೇಲೆ ಕೈಯಲ್ಲಿ ಹುಡುಕುತ್ತಾರೆ. ಎರಡು ಬಾರ್ ನಾಲ್ಕಾಗಿ, ನಾಲ್ಕು ಎಂಟಾಗುತ್ತದೆ. ಮೊದಲು ಧಾಟಿಯ ಎಲುಬು ಮಾತ್ರ, ಒಂದು ಪೆಟ್ಟಿಗೆ ಒಂದು ಸ್ವರ. ಅಲಂಕಾರ ಬುಧವಾರದ ಮೇಲೆ. ಕಾಗದ ಕೊಟ್ಟರೆ ಕಣ್ಣು ಕಾಗದಕ್ಕೆ ಅಂಟುತ್ತದೆ, ಎದುರಿಗಿರುವವರ ಕೈ ನೋಡುವುದಿಲ್ಲ. ಈ ಸಂಗೀತದಲ್ಲಿ ಸುದ್ದಿಯೆಲ್ಲ ಎದುರಿನವರ ಕೈಯಲ್ಲಿದೆ. ಗಿಟಾರು ಬಾರದವರೂ ಗಿಟಾರಿನವರ ಎಡಗೈ ನೋಡಿ ಜಿ, ಸಿ, ಡಿ ಯಾವುದೆಂದು ಹೇಳಲು ಕಲಿಯಬೇಕು. ಗದ್ದಲದಲ್ಲಿ ಬೆರಳು ಎತ್ತಿ ತೋರಿಸುವುದೂ ಉಂಟು: ಒಂದು, ನಾಲ್ಕು, ಐದು. ಸ, ಮ, ಪಗಳ ಮೇಲೆ ಕಟ್ಟಿದ ಕಾರ್ಡುಗಳು ಎಂದರೆ ನಮ್ಮ ಮಕ್ಕಳಿಗೆ ಕೂಡಲೇ ಹೊಳೆಯುತ್ತದೆ. ಸಂಜೆಗೆ ನಿಧಾನ ವೇಗದ ಧ್ವನಿಮುದ್ರಿಕೆಯನ್ನು ಅಪ್ಪ ಅಮ್ಮನ ಫೋನಿಗೆ ಕಳಿಸುತ್ತೇವೆ. ಅದೇ ಹೋಮ್‌ವರ್ಕು.

ಜಾಮ್ ಎಂಬ ಸುತ್ತು ಕೂಟಕ್ಕೆ ಅದರದೇ ರಿವಾಜು ಇದೆ. ಹಾಡು ಆರಿಸಿದವರು ಶ್ರುತಿ ಹೇಳುತ್ತಾರೆ. ಪಿಟೀಲಿನವರು ನಾಲ್ಕು ಪೆಟ್ಟು ಕಮಾನು ಉಜ್ಜಿ ವೇಗ ಕೊಡುತ್ತಾರೆ, ಇದಕ್ಕೆ ‘ಪೊಟೇಟೊ’ ಎಂದು ಹೆಸರು. ಒನ್ ಪೊಟೇಟೊ, ಟೂ ಪೊಟೇಟೊ ಎಂದು ಬಾಯಲ್ಲಿ ಹೇಳಿಕೊಂಡರೆ ಆ ಉದ್ದ ಗಿಡ್ಡ ಗಿಡ್ಡ ಲಯ ತಾನಾಗಿ ಬರುತ್ತದೆ. ಆಮೇಲೆ ಒಬ್ಬೊಬ್ಬರಿಗೆ ಒಂದು ಸುತ್ತು ಸೋಲೊ, ಅದನ್ನು ಬ್ರೇಕ್ ಎನ್ನುತ್ತಾರೆ. ಬೇಡವಾದರೆ ತಲೆಯಾಡಿಸಿ ಮುಂದಿನವರಿಗೆ ಬಿಡಬಹುದು, ಅದರಲ್ಲಿ ಅವಮಾನ ಏನಿಲ್ಲ. ಮುಗಿಸುವ ಸುತ್ತಿನಲ್ಲಿ ಹಾಡಿನ ಯಜಮಾನರು ಒಂದು ಕಾಲು ಮುಂದಕ್ಕೆ ಎತ್ತುತ್ತಾರೆ. ಬ್ರೇಕ್ ನಡೆಯುವಾಗ ಉಳಿದವರು ಸದ್ದು ಅರ್ಧಕ್ಕೆ ಇಳಿಸಬೇಕು. ನುಡಿಸುತ್ತಿರುವವರ ಸೋಲೊ ನಿಮಗೆ ಕೇಳಿಸದಿದ್ದರೆ ನಿಮ್ಮ ಸದ್ದು ಹೆಚ್ಚು. ಬ್ಯಾಂಜೊದವರಿಗೆ ಇದನ್ನು ದಿನಕ್ಕೆ ಹತ್ತು ಸಲ ಹೇಳುತ್ತೇವೆ.

ಬುಧವಾರ, ಗುರುವಾರ: ತಂಡ ಕಟ್ಟುವುದು

ಬುಧವಾರ ಊಟದ ಹೊತ್ತಿಗೆ ನಾಲ್ಕು ತಂಡ. ಪ್ರತಿ ತಂಡಕ್ಕೆ ಎರಡು ಪಿಟೀಲು, ಒಂದು ಬ್ಯಾಂಜೊ, ಒಂದು ಮ್ಯಾಂಡೊಲಿನ್. ಎರಡು ತಂಡಕ್ಕೆ ಎರಡೆರಡು ಗಿಟಾರು, ಇನ್ನೆರಡಕ್ಕೆ ಒಂದೊಂದು ಗಿಟಾರು ಮತ್ತು ಸ್ವಂತ ಬಾಸ್. ಬಾಸಿನ ಇಬ್ಬರು ಉಳಿದ ಎರಡು ತಂಡಕ್ಕೂ ನುಡಿಸುತ್ತಾರೆ, ಶುಕ್ರವಾರ ಅವರಷ್ಟು ದಣಿದವರು ಇನ್ನಾರೂ ಇರುವುದಿಲ್ಲ. ಗೆಳೆಯರನ್ನೇ ಒಂದು ತಂಡಕ್ಕೆ ಹಾಕಿದರೆ ಮಾತು ಜಾಸ್ತಿ, ವಯಸ್ಸು ನೋಡಿ ಹಾಕಿದರೆ ಚಿಕ್ಕವರ ತಂಡ ಕುಸಿಯುತ್ತದೆ. ಲಯ ಬಿಡದ ಒಬ್ಬರಾದರೂ ಪ್ರತಿ ತಂಡದಲ್ಲಿರಲಿ, ಅವರ ಕೈಗೆ ಗಿಟಾರೋ ಬಾಸೋ ಇದ್ದರೆ ಇನ್ನೂ ಒಳ್ಳೆಯದು.

ಹಾಡಿಗೆ ಶ್ರುತಿ ಆರಿಸುವುದು ಹಾಡುವ ಮಗುವಿನ ಗಂಟಲು, ಪುಸ್ತಕವಲ್ಲ. ಬ್ಲೂಗ್ರಾಸಿನ ಗಂಡಸರು ಬಿ, ಬಿ ಫ್ಲ್ಯಾಟ್‌ಗಳಲ್ಲಿ ಎತ್ತರಿಸಿ ಹಾಡಿದ್ದನ್ನು ಕೇಳಿ ಅದೇ ಶ್ರುತಿಗೆ ಹೋದರೆ ಮಗುವಿನ ದನಿ ಕೆಳಗೆ ಹೂತುಹೋಗುತ್ತದೆ ಅಥವಾ ಮೇಲೆ ಒಡೆಯುತ್ತದೆ. ಹಾಡಿನ ಅತಿ ಕೆಳಗಿನ ಸ್ವರ ಮಗುವಿಗೆ ಸದ್ದು ಬರುವಂತೆ ಹೇಳಲು ಬರುತ್ತದೆಯೇ ಎಂದು ಮೊದಲು ನೋಡಿ. ನಮ್ಮಲ್ಲಿ ಹೆಚ್ಚಿನವು ಸಿ ಅಥವಾ ಡಿಗೆ ಬಂದು ನಿಲ್ಲುತ್ತವೆ.

ಇನ್ನು ಹೊತ್ತಿನ ಲೆಕ್ಕ. ಒಂದು ಸುತ್ತು 32 ಬಾರ್, ಬಾರಿಗೆ ಎರಡು ಪೆಟ್ಟು, 64 ಪೆಟ್ಟು. ನಿಮಿಷಕ್ಕೆ 70ರ ವೇಗದಲ್ಲಿ ಒಂದು ಸುತ್ತಿಗೆ 55 ಸೆಕೆಂಡು. ಆರು ಜನರೂ ಒಂದೊಂದು ಪೂರ್ತಿ ಸುತ್ತು ನುಡಿಸಿದರೆ ಐದೂವರೆ ನಿಮಿಷ, ಮೂರನೆಯವರ ಹೊತ್ತಿಗೆ ಅಜ್ಜಿಯೂ ಫೋನು ತೆಗೆಯುತ್ತಾರೆ. ಮೊದಲ ಭಾಗ ಒಬ್ಬರಿಗೆ, ಎರಡನೇ ಭಾಗ ಇನ್ನೊಬ್ಬರಿಗೆ ಹಂಚಿದರೆ ಮೂರು ಸುತ್ತಿನಲ್ಲಿ ಎಲ್ಲರದೂ ಆಗುತ್ತದೆ. ಸರದಿಯನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇವೆ. ವಾರದಲ್ಲಿ ನಾವು ಬರೆಯುವುದು ಅದೊಂದನ್ನೇ.

ಗುರುವಾರ ಬೇಕೆಂದೇ ತಪ್ಪು ಮಾಡಿಸುವ ಅಭ್ಯಾಸ ಇದೆ. ಹಾಡು ನಡೆಯುತ್ತಿರುವಾಗ ಮೇಷ್ಟರು ಒಬ್ಬರ ಭುಜ ತಟ್ಟುತ್ತಾರೆ, ತಟ್ಟಿಸಿಕೊಂಡವರು ಕೈ ಬಿಡಬೇಕು, ಎರಡು ಬಾರ್ ಸುಮ್ಮನಿದ್ದು ಗಿಟಾರಿನವರ ಕೈ ನೋಡಿ ಮತ್ತೆ ಹತ್ತಬೇಕು. ಓಡುವ ಬಸ್ಸು ಹತ್ತಿದ ಹಾಗೆ. ಹಾಡಿನಲ್ಲಿ ಹಿಂದಕ್ಕೆ ಹೋಗಿ ಮತ್ತೆ ಶುರುಮಾಡಲು ಯಾರಿಗೂ ಬಿಡುವುದಿಲ್ಲ. ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡಿದ ಮಕ್ಕಳಿಗೆ ತಪ್ಪಿದ ಕೂಡಲೇ ನಿಂತು ತಿದ್ದಿಕೊಳ್ಳುವ ಚಟ ಇರುತ್ತದೆ, ಅದು ಬಿಡುವುದು ಈ ಆಟದಿಂದಲೇ.

ಅಂದೇ ಮಧ್ಯಾಹ್ನ ಮೈಕಿನ ತಾಲೀಮು. ನಾವು ಹಳೆಯ ಕ್ರಮದಂತೆ ಎಲ್ಲರಿಗೂ ಒಂದೇ ಕಂಡೆನ್ಸರ್ ಮೈಕ್ ಇಡುತ್ತೇವೆ. ಹಾಡುವವರು, ಸೋಲೊ ನುಡಿಸುವವರು ಹತ್ತಿರ ಬರುತ್ತಾರೆ, ಉಳಿದವರು ಅರ್ಧವೃತ್ತಕ್ಕೆ ಸರಿಯುತ್ತಾರೆ. ಬಾಸ್ ಹಿಂದೆ, ಬ್ಯಾಂಜೊ ಎಲ್ಲರಿಗಿಂತ ಒಂದು ಹೆಜ್ಜೆ ಹೊರಗೆ. ನೆಲದ ಮೇಲೆ ಬಣ್ಣದ ಟೇಪಿನ ಗುರುತು. ಬರುವವರು ಬಲದಿಂದ, ಹೋಗುವವರು ಎಡದಿಂದ. ಈ ನಿಯಮ ಮಾಡದಿದ್ದರೆ ಗಿಟಾರಿನ ತಲೆ ಬ್ಯಾಂಜೊಗೆ ಬಡಿಯುತ್ತದೆ, ಕಮಾನಿನ ತುದಿ ಯಾರ ಕಣ್ಣಿಗೋ ಹೋಗುತ್ತದೆ. ಪಿಟೀಲಿನವರು ಕಮಾನು ಕೆಳಗಿಳಿಸಿಯೇ ನಡೆಯಬೇಕು. ವೇದಿಕೆಯ ಮೇಲಿನವರಿಗೇ ಕೇಳಿಸುವ ಮಾನಿಟರ್ ಸ್ಪೀಕರ್ ಇಡಬೇಡಿ, ಈ ಮೈಕ್ ಕೂಡಲೇ ಕಿರುಚುತ್ತದೆ.

ಶುಕ್ರವಾರ

ಬೆಳಗ್ಗೆ ಹೊಸದೇನೂ ಕಲಿಸುವುದಿಲ್ಲ. ಹೊಸ ತಂತಿಯನ್ನೂ ಹಾಕುವುದಿಲ್ಲ, ಹೊಸ ತಂತಿ ಹಿಗ್ಗುತ್ತಲೇ ಇರುತ್ತದೆ, ಹಾಕುವುದಿದ್ದರೆ ಗುರುವಾರವೇ. ನಾಲ್ಕು ತಂಡ, ಎರಡೆರಡು ಹಾಡು, ಹಾಡಿಗೆ ನಾಲ್ಕು ನಿಮಿಷ, ತಂಡ ಬದಲಾಗಲು ಮೂರು ಮೂರು ನಿಮಿಷ, ಮುಕ್ಕಾಲು ಗಂಟೆಗೆ ಸರಿಯಾಗಿ ಮುಗಿಯುತ್ತದೆ. ವೇದಿಕೆಗೆ ಹತ್ತುವ ಮುನ್ನ ಮೇಷ್ಟರು ಎಲ್ಲರ ವಾದ್ಯವನ್ನೂ ತಾವೇ ಕೂಡಿಸಿ ಕೊಡುತ್ತಾರೆ. ಮಕ್ಕಳೇ ಮಾಡಲಿ ಎಂಬ ತತ್ವವನ್ನು ಆ ಹತ್ತು ನಿಮಿಷ ಬದಿಗಿಡುತ್ತೇವೆ. ಕೊನೆಗೆ 24 ಜನರೂ ಒಟ್ಟಿಗೆ ಸೋಮವಾರದ ಮೊದಲ ಹಾಡು, ಜಿಯಲ್ಲಿ. 70ರಲ್ಲಿ ಶುರುವಾಗುತ್ತದೆ. ಎಲ್ಲಿ ಮುಗಿಯುತ್ತದೆಂದು ಅವತ್ತು ಯಾರೂ ಅಳೆಯುವುದಿಲ್ಲ.

ಜನ ಚದುರಿದ ಮೇಲೆ ಬಾಡಿಗೆ ವಾದ್ಯಗಳ ಲೆಕ್ಕ. ಕಮಾನುಗಳ ತಿರುಪು ಸಡಿಲಿಸಬೇಕು, ಕೂದಲು ಕೋಲಿಗೆ ತಾಗುವಷ್ಟು. ಪಿಟೀಲಿನ ತಂತಿಯ ಮೇಲಿನ ರಾಳದ ಪುಡಿ ಒಣಬಟ್ಟೆಯಿಂದ ಒರೆಸಬೇಕು. ಬ್ಯಾಂಜೊದ ರೆಸೊನೇಟರ್ ವಾಪಸು ಕೂರಿಸಿ ನಾಲ್ಕೂ ತಿರುಪು ಇದೆಯೇ ನೋಡಬೇಕು, ಒಂದು ಯಾವಾಗಲೂ ಕಾಣೆ. ಮ್ಯಾಂಡೊಲಿನ್ನಿನಿಂದ ತೆಗೆದಿಟ್ಟ ನಾಲ್ಕು ತಂತಿಗಳನ್ನು ಹೆಸರು ಬರೆದ ಕವರಿನಲ್ಲಿ ಪೆಟ್ಟಿಗೆಯೊಳಗೇ ಇಡಬೇಕು. ಗಿಟಾರುಗಳನ್ನು ತಲೆಯ ಮೇಲೆ ಬೋರಲಾಗಿ ಹಿಡಿದು, ಸದ್ದಿನ ರಂಧ್ರ ನೆಲಕ್ಕೆ ಮಾಡಿ, ಅತ್ತಿತ್ತ ಅಲ್ಲಾಡಿಸಬೇಕು. ಸೋಮವಾರ ತೆರೆದ 144 ಪಿಕ್ಕುಗಳ ಪೊಟ್ಟಣ ಎಲ್ಲಿ ಹೋಯಿತೆಂದು ಗೊತ್ತಾಗುವುದು ಆಗಲೇ. ಒಂದೊಂದು ಗಿಟಾರಿನಿಂದ ಐದಾರು ಉದುರುತ್ತವೆ, ಕೆಲವೊಮ್ಮೆ ಒಂದು ಚೀಸ್ ಬಿಸ್ಕತ್ತೂ.